ಗಿಡ–ಮರ ಪ್ರಶ್ನೋತ್ತರ: ಸೀತಾಳೆ ದಂಡೆಯ ಕುರಿತು ಬಂದ ಪತ್ರಗಳು

ಮಳೆಗಾಲದ ಬಾಗಿಲಲ್ಲಿ ಮರದ ಕೊಂಬೆಗಳ ಮೇಲೆ ಅರಳುವ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್‌ನ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ ಮಲೆನಾಡಿನ ಪ್ರತಿ ಮನೆಯ ಹಿತ್ತಲಿಗೂ ಈ ಗಿಡದ ಜೊತೆ ಏನೋ ಒಂದು ವ್ಯವಹಾರ ಇದ್ದಂತಿದೆ. ಗುಲಾಬಿಯ ಹೇನು, ತೆಂಗಿನ ನುಸಿ ಎಂದು ಬರೆದವರು ಮುಂದಿನ ತಿಂಗಳವರೆಗೆ ಸೈರಿಸಿಕೊಳ್ಳಬೇಕು. ಈ ಸಲ ಕಾಡಿನ ಆರ್ಕಿಡ್‌ಗಳದ್ದೇ ಸರದಿ.

ಮೇಡಂ, ಸೀತಾಳೆ ದಂಡೆ ಅಳಿವಿನಂಚಿನಲ್ಲಿದೆ ಎಂದು ಎಲ್ಲೆಡೆ ಓದುತ್ತೇನೆ. ಆದರೆ ನಮ್ಮ ಮನೆಯೆದುರಿನ ಹಲಸಿನ ಮರದಲ್ಲಿ ಈಗಲೂ ಗೊಂಚಲು ಗೊಂಚಲಾಗಿ ಹೂ ಬಿಡುತ್ತದೆ. ನಿಜಕ್ಕೂ ಅದು ಯಾವ ಪಟ್ಟಿಯಲ್ಲಿದೆ?
— ಸಿದ್ದಾಪುರ ತಾಲ್ಲೂಕಿನ ಓದುಗರು

‘ಅಳಿವಿನಂಚು’ ಎಂಬುದನ್ನು ನಮ್ಮವರು ಸಾರಿಗೆ ಉಪ್ಪು ಹಾಕಿದಂತೆ ಎಲ್ಲ ಗಿಡಕ್ಕೂ ಹಾಕುತ್ತಾರೆ. ನಿಮ್ಮ ಅನುಮಾನ ಸರಿಯಾಗಿಯೇ ಇದೆ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ, ಅಂದರೆ ಐಯುಸಿಎನ್, 1964ರಿಂದ ಕೆಂಪು ಪಟ್ಟಿಯನ್ನು ನಡೆಸಿಕೊಂಡು ಬಂದಿದೆ. ಅದರಲ್ಲಿ ಒಂದು ಜೀವಿಗೆ ‘ಅಪಾಯಕ್ಕೆ ಈಡಾಗಬಲ್ಲದ್ದು’ ಎಂಬ ಪಟ್ಟ ಸಿಗುವ ಒಂದು ದಾರಿ ಹೀಗಿದೆ: ಹತ್ತು ವರ್ಷಗಳಲ್ಲಿ ಅಥವಾ ಮೂರು ತಲೆಮಾರುಗಳಲ್ಲಿ, ಯಾವುದು ಹೆಚ್ಚೋ ಆ ಅವಧಿಯಲ್ಲಿ, ಅದರ ಸಂಖ್ಯೆ ಕನಿಷ್ಠ ಶೇ. 30ರಷ್ಟು ಕುಸಿದಿರಬೇಕು. ಶೇ. 50 ಕುಸಿದರೆ ‘ಅಪಾಯದಲ್ಲಿರುವುದು’, ಶೇ. 80 ಕುಸಿದರೆ ‘ತೀವ್ರ ಅಪಾಯದಲ್ಲಿರುವುದು’. ಇದೆಲ್ಲ ಇಡೀ ಪ್ರಪಂಚದ ಲೆಕ್ಕ. ಸೀತಾಳೆ ದಂಡೆ, ಸಸ್ಯಶಾಸ್ತ್ರದ ಹೆಸರಿನಲ್ಲಿ ಹೇಳುವುದಾದರೆ ರಿಂಕೋಸ್ಟೈಲಿಸ್ ರೆಟೂಸಾ, ಶ್ರೀಲಂಕಾದಿಂದ ಹಿಡಿದು ನೇಪಾಳ, ಮ್ಯಾನ್ಮಾರ್, ಥಾಯ್ಲೆಂಡ್ ದಾಟಿ ಫಿಲಿಪ್ಪೀನ್ಸ್‌ವರೆಗೆ ಹರಡಿಕೊಂಡಿರುವ ಗಿಡ. ಅಸ್ಸಾಮಿನಲ್ಲಿ ಇದೇ ಕೊಪೌ ಫೂಲ್, ಅಲ್ಲಿನ ರಾಜ್ಯಪುಷ್ಪ. ಬಿಹು ಕುಣಿತಕ್ಕೆ ಹೆಂಗಸರು ಮುಡಿಯುವ ಹೂವು. ಇಷ್ಟು ದೊಡ್ಡ ನೆಲೆಯುಳ್ಳ ಗಿಡ ಜಾಗತಿಕ ಪಟ್ಟಿಯ ಮೇಲಿನ ಮೆಟ್ಟಿಲುಗಳನ್ನು ಹತ್ತುವುದೇ ಕಷ್ಟ. ನಿಮ್ಮ ತಾಲ್ಲೂಕಿನಲ್ಲಿ ಕೊನೆಯ ಗಿಡ ಒಣಗಿಹೋದರೂ ಆ ಪಟ್ಟಿಯ ಒಂದು ಅಕ್ಷರವೂ ಅಲುಗಾಡುವುದಿಲ್ಲ.

ಹಾಗೆಂದು ಮೇಲಿನ ಮೆಟ್ಟಿಲುಗಳಲ್ಲಿ ಹೆಸರಿಲ್ಲ, ಇನ್ನು ಚಿಂತೆಯಿಲ್ಲ ಎಂದುಕೊಳ್ಳಬೇಡಿ. ಪಟ್ಟಿಯನ್ನೇ ನೋಡಬೇಕೆಂದರೆ ಇನ್ನೊಂದಿದೆ, ಅದರಲ್ಲಿ ನಿಮ್ಮ ಮರದ ಗಿಡವೂ ಇದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 1975ರಲ್ಲಿ ಜಾರಿಗೆ ಬಂತು, ಭಾರತ 1976ರಲ್ಲಿ ಸೇರಿತು. ಆರ್ಕಿಡ್ ಕುಟುಂಬವನ್ನು ಇಡಿಯಾಗಿ ಅದರ ಎರಡನೆಯ ಅನುಬಂಧದಲ್ಲಿ ಇಟ್ಟಿದ್ದಾರೆ. ಕೆಲವನ್ನು ಇನ್ನೂ ಬಿಗಿಯಾದ ಮೊದಲನೆಯದರಲ್ಲಿ. ಸುಮಾರು ಇಪ್ಪತ್ತೆಂಟು ಸಾವಿರ ಪ್ರಭೇದಗಳ ಕುಟುಂಬವನ್ನು ಒಂದೇ ಏಟಿಗೆ ಹೀಗೆ ಸೇರಿಸಲು ಕಾರಣ ಸರಳ: ಹೂವಿಲ್ಲದಾಗ ಒಂದು ಆರ್ಕಿಡ್ ಗಿಡವನ್ನು ಇನ್ನೊಂದರಿಂದ ಬೇರ್ಪಡಿಸಲು ಬಂದರಿನ ಅಧಿಕಾರಿ ಹೋಗಲಿ, ಸಸ್ಯಶಾಸ್ತ್ರ ಓದಿದವರೂ ತಿಣುಕುತ್ತಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿದ ನಾನೂ ತಿಣುಕುತ್ತೇನೆ.

ನಿಜವಾಗಿ ಆತಂಕ ಪಡಬೇಕಾದದ್ದು ಸಣ್ಣ ನೆಲೆಯ ಗಿಡಗಳ ಬಗ್ಗೆ. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ 2019ರಲ್ಲಿ ಹೊರತಂದ ಗಣತಿಯಲ್ಲಿ ದೇಶದ 1,256 ಆರ್ಕಿಡ್ ಪ್ರಭೇದಗಳಿವೆ. ಅವುಗಳಲ್ಲಿ 388 ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ, ಅವುಗಳ ಪೈಕಿ 128 ಪಶ್ಚಿಮ ಘಟ್ಟದವು. ಕೇರಳ–ತಮಿಳುನಾಡು ಗಡಿಯ ಅಗಸ್ತ್ಯಮಲೆಯ ಪ್ಯಾಫಿಯೋಪೆಡಿಲಮ್ ಡ್ರೂರಿ ಎಂಬ ಆರ್ಕಿಡ್ ತೆಗೆದುಕೊಳ್ಳಿ. ಚಪ್ಪಲಿಯಾಕಾರದ ಹಳದಿ ಹೂವು, ನಡುವೆ ಕಂದು ಗೆರೆ. 1865ರಲ್ಲಿ ಸಿಕ್ಕಿತು, ಆಮೇಲೆ ದೀರ್ಘಕಾಲ ಕಣ್ಣಿಗೆ ಬೀಳದೆ ನಾಶವಾಯಿತೆಂದೇ ಭಾವಿಸಿದ್ದರು, 1972ರಲ್ಲಿ ಮತ್ತೆ ಸಿಕ್ಕಿತು. ಸಿಕ್ಕಿದ್ದೇ ತಪ್ಪಾಯಿತು, ಸಂಗ್ರಹಕಾರರು ಬುಟ್ಟಿ ಹಿಡಿದು ಬೆಟ್ಟ ಹತ್ತಿದರು. ಅದರ ಮೇಲೆ ಹುಲ್ಲುಗಾವಲಿನ ಬೆಂಕಿ. ಈಗ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದ ಗುಂಪಿನಲ್ಲಿದೆ. ಕೇರಳದ ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನದವರು ಪ್ರಯೋಗಾಲಯದಲ್ಲಿ ಸಸಿ ಬೆಳೆಸಿ ಕಾಡಿಗೆ ಮರಳಿಸುವ ಕೆಲಸ ಮಾಡಿದ್ದಾರೆ.

ನಿಮ್ಮ ಹಲಸಿನ ಮರದ ಗಿಡದ ಕಥೆ ಹೀಗಲ್ಲ. ಅದಕ್ಕೆ ಅಪಾಯ ಬರುವುದು ಹಲಸಿನ ಮರಕ್ಕೆ ಅಪಾಯ ಬಂದಾಗ.

ನಮ್ಮ ತೋಟದ ಮರಗಳಲ್ಲಿ ಇಂಥ ಗಿಡಗಳು ತುಂಬಿಕೊಂಡಿವೆ. ಬಂದಳಿಕೆಯಂತೆ ಮರದ ಸಾರ ಹೀರುತ್ತವೆ ಎಂದು ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡುವಾಗ ಆಳುಗಳು ಕಿತ್ತು ಹಾಕುತ್ತಾರೆ. ಬಿಡಬೇಕೇ, ಕೀಳಿಸಬೇಕೇ?
— ಸೋಮವಾರಪೇಟೆಯ ಕಾಫಿ ಬೆಳೆಗಾರರು

ಬಿಡಿ. ಬಂದಳಿಕೆ ಬೇರೆ, ಇದು ಬೇರೆ.

ಬಂದಳಿಕೆಯ ಬುಡ ಕೊಂಬೆಯೊಳಗೇ ಹೊಕ್ಕಿರುತ್ತದೆ. ಆ ಜಾಗದಲ್ಲಿ ಕೊಂಬೆ ಊದಿಕೊಂಡಿರುತ್ತದೆ, ಎಳೆದರೆ ಬರುವುದಿಲ್ಲ, ಮುರಿಯುತ್ತದೆ. ಸೀತಾಳೆಯ ಬೇರಿನ ಕೆಳಗೆ ಉಗುರು ತೂರಿಸಿ ನೋಡಿ. ತೊಗಟೆಯ ಮೇಲೆ ಅಂಟಿಕೊಂಡು ಹರಿದಿರುತ್ತದೆಯೇ ಹೊರತು ಒಳಗೆ ಇಳಿದಿರುವುದಿಲ್ಲ. ಆ ಬೇರನ್ನು ಬೇಸಿಗೆಯಲ್ಲಿ ನೋಡಿದರೆ ಬೂದಿ ಬಳಿದಂತೆ ಬೆಳ್ಳಗಿರುತ್ತದೆ. ಮೇಲೆ ಎರಡು ಹನಿ ನೀರು ಬಿಡಿ, ನೋಡುತ್ತಿದ್ದಂತೆಯೇ ಹಸಿರಾಗುತ್ತದೆ. ಹೊರಗಿನ ಬಿಳಿಯ ಪದರ ಸತ್ತ, ಟೊಳ್ಳಾದ ಜೀವಕೋಶಗಳದ್ದು. ಮಳೆನೀರು, ಮಂಜು ಬಿದ್ದೊಡನೆ ಹೀರಿಕೊಳ್ಳುತ್ತದೆ. ನೀರು ತುಂಬಿದಾಗ ಪದರ ಪಾರದರ್ಶಕವಾಗಿ ಒಳಗಿನ ಹಸಿರು ಕಾಣುತ್ತದೆ. ಆ ಹಸಿರು ಬಿಸಿಲಿನಿಂದ ಆಹಾರವನ್ನೂ ತಯಾರಿಸುತ್ತದೆ. ಮರದಿಂದ ಅದಕ್ಕೆ ಬೇಕಾದದ್ದು ಕೂರಲು ಜಾಗ, ಅರೆನೆರಳು, ತೊಗಟೆಯ ಮೇಲೆ ಇಳಿದು ಬರುವ ನೀರು. ಅಷ್ಟೇ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಕಾಫಿ ತೋಟಗಳಲ್ಲಿ ಆರ್ಕಿಡ್‌ಗೆ ಆಳುಗಳ ಕತ್ತಿಗಿಂತ ದೊಡ್ಡ ಶತ್ರು ಸಿಲ್ವರ್ ಓಕ್. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟಗಿರುತ್ತದೆ, ಕಡಿದು ಮಾರಲು ಅನುಮತಿಯ ತಲೆನೋವೂ ಕಡಿಮೆ. ಹಾಗಾಗಿ ಹೊನ್ನೆ, ನಂದಿ, ಅತ್ತಿ, ಹಲಸು ಒಂದೊಂದಾಗಿ ಉರುಳಿ ಆ ಜಾಗಕ್ಕೆ ಇದು ಬಂತು. ವರ್ಷವರ್ಷ ರೆಂಬೆ ಸವರಿಸಿಕೊಳ್ಳುವ ಕಂಬದಂಥ ಮರದಲ್ಲಿ ಗಿಡ ಎಲ್ಲಿ ಕೂರಬೇಕು? ಹಳೆಯ ಮರದ ಅಡ್ಡಕೊಂಬೆಯ ಮೇಲೆ ಹಾವಸೆ, ಕಲ್ಲುಹೂವು ಕಟ್ಟಲು ದಶಕಗಳೇ ಬೇಕು. ಬೋರ್ಡೋ ದ್ರಾವಣವನ್ನು ಕಾಫಿ ಗಿಡಕ್ಕೆ, ಮೆಣಸಿಗೆ ಹೊಡೆಯುವುದು ಅನಿವಾರ್ಯ, ನನಗೆ ಗೊತ್ತು. ದೊಡ್ಡ ಮರಗಳ ಮೇಲುಕೊಂಬೆಗಳವರೆಗೆ ಪೈಪು ಎತ್ತಬೇಡಿ. ಆ ದ್ರಾವಣದಲ್ಲಿ ತಾಮ್ರ ಇರುವುದೇ ಶಿಲೀಂಧ್ರ ಕೊಲ್ಲಲು, ಆರ್ಕಿಡ್ ಬೀಜಕ್ಕೆ ಶಿಲೀಂಧ್ರವಿಲ್ಲದೆ ಬದುಕಿಲ್ಲ. ಅದನ್ನು ಇನ್ನೊಂದು ಪತ್ರಕ್ಕೆ ಉತ್ತರಿಸುವಾಗ ವಿವರಿಸುತ್ತೇನೆ.

ಪ್ರವಾಸದಿಂದ ಮರಳುವಾಗ ಘಟ್ಟದ ರಸ್ತೆ ಬದಿಯಲ್ಲಿ ಮಾರುತ್ತಿದ್ದ ಕಾಡು ಆರ್ಕಿಡ್ ಕೊಂಡು ತಂದೆ. ಬಾಲ್ಕನಿಯಲ್ಲಿ ಕುಂಡಕ್ಕೆ ಮಣ್ಣು, ಗೊಬ್ಬರ ಹಾಕಿ ನೆಟ್ಟಿದ್ದೇನೆ. ಎಲೆಗಳು ಸುಕ್ಕುಗಟ್ಟಿ ಹಳದಿಯಾಗುತ್ತಿವೆ. ಏನು ಔಷಧ ಹೊಡೆಯಲಿ?
— ಬೆಂಗಳೂರಿನ ಓದುಗರು

ಔಷಧ ಬೇಡ, ಮೊದಲು ಮಣ್ಣಿನಿಂದ ಎತ್ತಿ. ಗಾಳಿಯಲ್ಲಿ ಇರಬೇಕಾದ ಬೇರನ್ನು ನೀವು ಹೂತಿದ್ದೀರಿ. ಕೊಳೆತು ಮೆತ್ತಗಾದ ಬೇರನ್ನು ಚೂಪಾದ ಕತ್ತರಿಯಿಂದ ತೆಗೆಯಿರಿ, ಗಟ್ಟಿಯಾಗಿ ಬೆಳ್ಳಗಿರುವುದನ್ನು ಉಳಿಸಿ. ಅಂಗಳದಲ್ಲಿ ಮಾವೋ ಸಂಪಿಗೆಯೋ, ಒರಟು ತೊಗಟೆಯ ಮರವಿದ್ದರೆ ಮೂಡಣ ದಿಕ್ಕಿಗೆ ಹತ್ತಿಯ ದಾರದಲ್ಲಿ ಕಟ್ಟಿ. ಇಲ್ಲದಿದ್ದರೆ ತೊಗಟೆಯಿರುವ ಮರದ ತುಂಡಿಗೆ ಕಟ್ಟಿ ತೂಗುಹಾಕಿ. ಬೆಳಗಿನ ಹೊತ್ತು ನೀರು ಚಿಮುಕಿಸಿ, ಸಂಜೆಯೊಳಗೆ ಬೇರು ಒಣಗಬೇಕು. ಬದುಕಿದರೆ ಹೊಸ ಬೇರಿನ ತುದಿ ಹಸಿರಾಗಿ ಕಾಣಿಸಿಕೊಳ್ಳುತ್ತದೆ. ಹೂವಿನ ಆಸೆಯನ್ನು ಸದ್ಯಕ್ಕೆ ಬಿಡಿ.

ಇನ್ನು ಬೈಗುಳ. ಆ ಗಿಡ ನರ್ಸರಿಯದ್ದಲ್ಲ ಎಂಬುದನ್ನು ನಿಮ್ಮ ಪತ್ರದ ಜೊತೆಗಿದ್ದ ಚಿತ್ರವೇ ಹೇಳುತ್ತದೆ. ಬೇರಿಗೆ ತೊಗಟೆಯ ಚೂರು ಅಂಟಿಕೊಂಡಿದೆ, ಬೇರುಗಳೆಲ್ಲ ಒಂದೇ ಅಳತೆಗೆ ತುಂಡಾಗಿವೆ, ಹಳೆಯ ಎಲೆಯಲ್ಲಿ ಹುಳು ತಿಂದ ತೂತು, ಮೇಲೆ ಕಲ್ಲುಹೂವಿನ ಕಲೆ. ಕಾಡಿನಲ್ಲಿ ವರ್ಷಗಟ್ಟಲೆ ಬದುಕಿದ ಗಿಡವನ್ನು ಕತ್ತಿಯಲ್ಲಿ ಹೆರೆದು ಗೋಣಿಚೀಲಕ್ಕೆ ತುಂಬಿದ್ದಾರೆ. ಮೀಸಲು ಅರಣ್ಯದಿಂದ ಗಿಡ ಕಿತ್ತು ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ಸಸ್ಯಗಳು ಸೇರಿದಾಗ ಪಟ್ಟಿಯಲ್ಲಿದ್ದದ್ದು ಆರೇ ನಮೂದು. ಅವುಗಳಲ್ಲಿ ಮೂರು ಆರ್ಕಿಡ್‌ಗಳದ್ದು: ನೀಲಿ ವಾಂಡಾ, ಕೆಂಪು ವಾಂಡಾ, ಚಪ್ಪಲಿ ಆರ್ಕಿಡ್. ನಮ್ಮ ಮಲೆನಾಡಿನ ಯಾವ ಗಿಡವೂ ಅದರಲ್ಲಿರಲಿಲ್ಲ. 2022ರ ತಿದ್ದುಪಡಿ ಸೈಟಿಸ್ ಒಪ್ಪಂದದ ಜೀವಿಗಳಿಗೂ ಪ್ರತ್ಯೇಕ ಅನುಸೂಚಿ ತಂದಿದೆ. ಕಾನೂನಿನ ಪುಸ್ತಕ ದಪ್ಪವಾಗುತ್ತಿದೆ ನಿಜ, ಆದರೆ ರಸ್ತೆಬದಿಯ ಗೋಣಿಚೀಲ ಮಾಯವಾಗುವುದು ಕೊಳ್ಳುವವರು ನಿಲ್ಲದೆ ಮುಂದೆ ಹೋದಾಗ. ಮಾರುವವನನ್ನು ಮಾತ್ರ ಬೈದು ಪ್ರಯೋಜನವಿಲ್ಲ. ನಿಮ್ಮಂಥವರ ಕಾರು ನಿಲ್ಲುತ್ತದೆ ಎಂಬ ನಂಬಿಕೆಯಿಂದ ಅವನು ಮರ ಹತ್ತುತ್ತಾನೆ. ಆರ್ಕಿಡ್ ಸಾಕುವ ಹಂಬಲವಿದ್ದರೆ ಅಂಗಾಂಶ ಕೃಷಿಯಿಂದ ಬಂದ ಡೆಂಡ್ರೋಬಿಯಂ, ಫೆಲನೋಪ್ಸಿಸ್ ಮಿಶ್ರತಳಿಗಳು ಎಲ್ಲ ನರ್ಸರಿಗಳಲ್ಲೂ ಸಿಗುತ್ತವೆ. ಬಾಲ್ಕನಿಯಲ್ಲಿ ಅವೇ ಚೆನ್ನಾಗಿ ಬರುತ್ತವೆ.

ಹೂವನ್ನಾದರೂ ಮುಡಿಯಬಹುದೇ? ನಮ್ಮ ಅತ್ತೆ ಪ್ರತಿ ಮಳೆಗಾಲದಲ್ಲೂ ಮುಡಿಯುತ್ತಿದ್ದರು.
— ಯಲ್ಲಾಪುರದ ಓದುಗರು

ಮುಡಿಯಿರಿ. ದಂಡೆ ಕೊಯ್ದರೆ ಗಿಡ ಸಾಯುವುದಿಲ್ಲ. ಆದರೆ ಆ ವರ್ಷ ಆ ದಂಡೆಯಲ್ಲಿ ಕಾಯಿ ಕಟ್ಟುವುದೂ ಇಲ್ಲ. ಒಂದು ಮರದಲ್ಲಿ ನಾಲ್ಕಾರು ದಂಡೆ ಇಳಿಬಿದ್ದಿದ್ದರೆ ಒಂದನ್ನು ಕೊಯ್ದುಕೊಳ್ಳಿ, ಉಳಿದದ್ದನ್ನು ಜೇನಿಗೆ ಬಿಡಿ. ಕೊಕ್ಕೆ ಹಾಕಿ ಎಳೆಯಬೇಡಿ, ಗಿಡವೇ ಬುಡಸಮೇತ ಕಳಚಿ ಬರುತ್ತದೆ. ನಿಮ್ಮ ಅತ್ತೆಯವರು ಮುಡಿದದ್ದರಿಂದ ಈ ಗಿಡ ಕಡಿಮೆಯಾದದ್ದಲ್ಲ, ಆ ಬಗ್ಗೆ ನೆಮ್ಮದಿಯಿಂದಿರಿ.

ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಮಕ್ಕಳಿಂದ ಸೀತಾಳೆ ಬೀಜ ಸಂಗ್ರಹಿಸಿ, ಬೀಜದುಂಡೆ ಮಾಡಿ ಕಾಡಿಗೆ ಎಸೆಯುವ ಯೋಚನೆ ಇದೆ. ನಿಮ್ಮ ಸಲಹೆ?
— ಸಾಗರದ ಓದುಗರು

ಬೇಡ ಸಾರ್. ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೇನೆ ಎಂದುಕೊಳ್ಳಬೇಡಿ, ಕಾರಣ ಕೇಳಿ.

ಒಣಗಿ ಬಿರಿದ ಒಂದು ಕಾಯಿಯನ್ನು ಬಿಳಿ ಕಾಗದದ ಮೇಲೆ ತಟ್ಟಿ ನೋಡಿ. ಬೀಳುವುದು ಬೀಜವೆಂದು ನಿಮ್ಮ ಮಕ್ಕಳು ನಂಬುವುದೇ ಇಲ್ಲ. ತಿಳಿಹಳದಿ ಧೂಳು, ಉಸಿರು ತಾಗಿದರೆ ಹಾರಿಹೋಗುತ್ತದೆ. ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜಗಳಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಲೆಯಂಥ ಹೊರಚೀಲದೊಳಗೆ ಕೆಲವೇ ಜೀವಕೋಶಗಳ ಒಂದು ಚುಕ್ಕೆ. ಅವರೆಕಾಳಿನಲ್ಲಿ ಇರುವಂತೆ ಮೊಳಕೆಗೆಂದು ಕೂಡಿಟ್ಟ ಆಹಾರ ಅದರಲ್ಲಿ ಇಲ್ಲವೇ ಇಲ್ಲ. ತೊಗಟೆಯ ಬಿರುಕಿನಲ್ಲಿ ತಕ್ಕ ಶಿಲೀಂಧ್ರ ಇದ್ದು, ಅದರ ಎಳೆ ಬೀಜದೊಳಗೆ ಹೊಕ್ಕು ಸಕ್ಕರೆ ಒದಗಿಸಿದರೆ ಮಾತ್ರ ಮೊಳಕೆ. ಇದನ್ನು 1899ರಲ್ಲಿ ಕಂಡುಕೊಂಡವರು ಫ್ರಾನ್ಸಿನ ನೋಯೆಲ್ ಬರ್ನಾರ್ಡ್. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಅಗರ್ ಎಂಬ ಲೋಳೆಯ ಮೇಲೆ ಬೀಜ ಮೊಳೆಸಿ ತೋರಿಸಿದರು. ಇಂದಿನ ಪ್ರಯೋಗಾಲಯಗಳೆಲ್ಲ ಆ ದಾರಿಯಲ್ಲೇ ನಡೆದಿವೆ.

ಮಣ್ಣು, ಸಗಣಿಯ ಉಂಡೆಯೊಳಗೆ ಸೇರಿಸಿದರೆ ಆ ಧೂಳು ಅಲ್ಲೇ ಮುಗಿಯಿತು. ಮರದ ಮೇಲೆ ಒಡೆದ ಕಾಯಿಯಿಂದ ಗಾಳಿಯಲ್ಲಿ ಹಾರುವ ಬೀಜಕ್ಕೆ ಇರುವ ಅವಕಾಶವೂ ತಪ್ಪಿತು. ಕಾಯಿಯನ್ನು ಅದರ ಪಾಡಿಗೆ ಬಿಡಿ. ಮಕ್ಕಳಿಗೆ ಬೇರೆ ಕೆಲಸ ಕೊಡಿ: ಊರಿನ ಹಳೆಯ ಮರಗಳನ್ನು ಗುರುತಿಸಲಿ, ಯಾವ ಮರದಲ್ಲಿ ಎಷ್ಟು ಗಿಡ, ಯಾವ ತಿಂಗಳು ಹೂವು, ಎಷ್ಟು ಕಾಯಿ ಕಟ್ಟಿತು ಎಂದು ಬರೆಯಲಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಬಹಳಷ್ಟು ಕಡೆ ಆ ಪುಸ್ತಕದ ಆರ್ಕಿಡ್ ಪುಟದಲ್ಲಿ ಬೇರೆ ಊರಿನ ಪಟ್ಟಿಯನ್ನೇ ನಕಲು ಮಾಡಿರುತ್ತಾರೆ. ನಿಮ್ಮ ಮಕ್ಕಳ ಲೆಕ್ಕ ಅದಕ್ಕೆ ಸೇರಲಿ. ನಾಳೆ ಒಂದು ಮರ ಕಡಿಯಲು ನೋಟಿಸ್ ಬಂದಾಗ ತೋರಿಸಲು ಕಾಗದ ಬೇಕಾಗುತ್ತದೆ.

ನಮ್ಮೂರಿನ ಹುಲ್ಲುಬ್ಯಾಣದಲ್ಲಿ ಆಗಸ್ಟ್ ತಿಂಗಳಲ್ಲಿ ನೆಲದಿಂದಲೇ ಬಿಳಿ ಹೂವಿನ ಕಡ್ಡಿಗಳು ಏಳುತ್ತಿದ್ದವು. ಅವೂ ಆರ್ಕಿಡ್ ಎಂದು ಕೇಳಿದ್ದೇನೆ. ಅಕೇಶಿಯಾ ನೆಟ್ಟ ಮೇಲೆ ಕಾಣುತ್ತಿಲ್ಲ. ಬೀಜ ಎಲ್ಲಾದರೂ ಉಳಿದಿರಬಹುದೇ?
— ಹೊಸನಗರ ತಾಲ್ಲೂಕಿನ ಓದುಗರು

ನೀವು ಹೇಳುತ್ತಿರುವುದು ಬಹುಶಃ ಹಬೆನೇರಿಯಾ ಗುಂಪಿನ ನೆಲ ಆರ್ಕಿಡ್‌ಗಳು. ಹೂವಿನ ಹಿಂದೆ ಉದ್ದನೆಯ ಬಾಲದಂಥ ಕೊಳವೆ ಇತ್ತೇ? ಅದರ ತುದಿಯಲ್ಲಿ ಮಕರಂದ. ಉದ್ದ ನಾಲಿಗೆಯ ಪತಂಗಗಳು ಮುಸ್ಸಂಜೆಯ ಮೇಲೆ ಬರುತ್ತವೆ.

ಈ ಗಿಡಗಳ ಜೀವ ಗಡ್ಡೆಯಲ್ಲಿದೆ. ಮಳೆಗಾಲದಲ್ಲಿ ಹಳೆಯ ಗಡ್ಡೆಯ ಪಕ್ಕದಲ್ಲೇ ಹೊಸದು ಕೂಡುತ್ತದೆ, ಹಳೆಯದು ಬತ್ತಿಹೋಗುತ್ತದೆ. ಬೇಸಿಗೆಯಿಡೀ ಹೊಸ ಗಡ್ಡೆ ಮಣ್ಣಿನಡಿ ನಿದ್ರಿಸುತ್ತದೆ. ಹಾಗಾಗಿ ದನ ಮೇದ, ಹುಲ್ಲು ಕೊಯ್ದ ಬ್ಯಾಣಗಳಲ್ಲಿ ತಲೆತಲಾಂತರ ಉಳಿದವು. ಅಕೇಶಿಯಾ ನೆಡಲು ಕಂದಕ ತೋಡಿದಾಗ ಮೊದಲ ಏಟು, ಮರ ಬೆಳೆದು ನೆರಳು ಕವಿದಾಗ ಎರಡನೆಯದು, ಕೊಳೆಯದ ಎಲೆಯ ದಪ್ಪ ಹಾಸು ಬಿದ್ದಾಗ ಮೂರನೆಯದು. ಎಲೆ ಬಿಡಲಾಗದ ವರ್ಷ ಹೊಸ ಗಡ್ಡೆಯೂ ಇಲ್ಲ. ನೆಡುತೋಪಿಗೆ ಹಲವು ವರ್ಷವಾಗಿದ್ದರೆ ಅದರೊಳಗೆ ಹುಡುಕಬೇಡಿ. ಅಂಚಿನಲ್ಲಿ, ಬಂಡೆಯ ಸುತ್ತ, ಜಂಬಿಟ್ಟಿಗೆಯ ತೆಳು ಮಣ್ಣಿನ ಮೇಲೆ ಸಸಿ ಏಳದ ಜಾಗ ಇದ್ದೇ ಇರುತ್ತದೆ, ಅಲ್ಲಿ ನೋಡಿ. ಹುಲ್ಲುಗಾವಲನ್ನು ‘ಖಾಲಿ ಜಾಗ’ ಎಂದು ಬರೆದು ಹಸಿರು ಮಾಡಲು ಹೊರಟವರಿಗೆ ಅಲ್ಲಿ ಮೊದಲೇ ಹಸಿರಿತ್ತು ಎಂದು ಯಾರೂ ಹೇಳಲಿಲ್ಲ.

ರಸ್ತೆ ಅಗಲೀಕರಣಕ್ಕೆ ನಮ್ಮೂರ ದಾರಿಯ ಮಾವು, ಮತ್ತಿ ಮರಗಳನ್ನು ಉರುಳಿಸುತ್ತಿದ್ದಾರೆ. ಕೊಂಬೆಗಳ ಮೇಲೆ ಆರ್ಕಿಡ್ ತುಂಬಿವೆ. ಎತ್ತಿ ತಂದರೆ ಕಳ್ಳತನವೇ?
— ಶಿರಸಿ ತಾಲ್ಲೂಕಿನ ಯುವಕ ಸಂಘದವರು

ಈ ತಿಂಗಳ ಪತ್ರಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು. ಕಾನೂನಿನ ಕಣ್ಣಿಗೆ ಉರುಳಿದ ಮರವೂ ಅದರ ಮೇಲಿನದ್ದೂ ನಿಮ್ಮದಲ್ಲ. ವಲಯ ಅರಣ್ಯಾಧಿಕಾರಿಗೆ ಒಂದು ಅರ್ಜಿ ಬರೆದು, ಸಹಿ ಹಾಕಿಸಿಕೊಂಡು ಮುಂದುವರಿಯಿರಿ. ಜೀವವೈವಿಧ್ಯ ಸಮಿತಿಯನ್ನೂ ಜೊತೆಗೆ ಸೇರಿಸಿಕೊಂಡರೆ ಒಳ್ಳೆಯದು. ತಡಮಾಡಬೇಡಿ. ಮರ ನೆಲಕ್ಕೆ ಬಿದ್ದು ಬಿಸಿಲಿಗೆ ಒಡ್ಡಿಕೊಂಡ ಗಿಡ ಬೇಗ ಬಾಡುತ್ತದೆ, ನಾಟಾ ಸಾಗಿಸುವವರು ಕೊಂಬೆಗೆ ಬೆಂಕಿ ಹಚ್ಚುವುದೂ ಉಂಟು.

ಗಿಡವನ್ನು ಕೊಂಬೆಯಿಂದ ಹೆರೆಯಬೇಡಿ. ಸಾಧ್ಯವಾದಷ್ಟೂ ತೊಗಟೆಯ ತುಂಡಿನ ಸಮೇತ ಎಬ್ಬಿಸಿ, ಅದರಲ್ಲಿ ಶಿಲೀಂಧ್ರವೂ ಬರುತ್ತದೆ. ಅದೇ ಜಾತಿಯ ಮರ ಹತ್ತಿರದಲ್ಲಿದ್ದರೆ ಅದಕ್ಕೇ ಕಟ್ಟಿ. ಇಲ್ಲದಿದ್ದರೆ ತೊಗಟೆ ಸುಲಿಯದ, ಒರಟಾದ ಬೇರೆ ಮರ. ನೀಲಗಿರಿಯೂ ಸೀಬೆಯೂ ಬೇಡ, ಎರಡೂ ಸಿಪ್ಪೆ ಕಳಚುತ್ತವೆ, ಗಿಡವೂ ಜೊತೆಗೆ ಬೀಳುತ್ತದೆ. ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡು) ಕಟ್ಟುವುದಾದರೆ ಸೊಪ್ಪಿಗೆ ಸವರದ ಮರವನ್ನು ಆರಿಸಿ, ಮಾಲೀಕರಿಗೆ ತಿಳಿಸಿ. ದೇವರ ಕಾಡಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೊದಲ ಮಳೆ ಬಿದ್ದ ಮೇಲೆ ಕಟ್ಟಿದ್ದು ಚೆನ್ನಾಗಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಮರ ಬಿದ್ದರೆ ನೆರಳಲ್ಲಿ ಗೋಣಿಯ ಮೇಲಿಟ್ಟು ದಿನವೂ ನೀರು ಚಿಮುಕಿಸಿ ಕಾಯಬೇಕು. ಪ್ಲಾಸ್ಟಿಕ್ ದಾರ ಬೇಡ, ಬಾಳೆನಾರು ಸಾಕು. ಬೇರು ಹಿಡಿಯುವ ಹೊತ್ತಿಗೆ ಅದು ತಾನೇ ಕೊಳೆತಿರುತ್ತದೆ.

ಒಂದನ್ನು ಮಾತ್ರ ಮರೆಯಬೇಡಿ. ನೀವು ಗಿಡ ಉಳಿಸಿದ ಚಿತ್ರ ಪತ್ರಿಕೆಯಲ್ಲಿ ಬಂದಾಗ, ಆರ್ಕಿಡ್‌ಗಳನ್ನು ಸ್ಥಳಾಂತರಿಸಲಾಗಿದೆ, ಇನ್ನು ಮರ ಕಡಿಯಲು ಅಡ್ಡಿಯಿಲ್ಲ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ನಿಮ್ಮ ಅರ್ಜಿಯಲ್ಲೇ ಬರೆಯಿರಿ: ಎಷ್ಟು ಮರಗಳನ್ನು ಬಿಟ್ಟು ರಸ್ತೆ ತಿರುಗಿಸಬಹುದು ಎಂದು. ತುದಿಕೊಂಬೆಯ ಒಬೆರೋನಿಯಾ, ಬಲ್ಬೋಫಿಲಂನಂಥ ಸಣ್ಣ ಆರ್ಕಿಡ್ ಗಿಡಗಳು ನಿಮ್ಮ ಕಣ್ಣಿಗೇ ಬೀಳುವುದಿಲ್ಲ, ಅವು ಮರದ ಜೊತೆಗೇ ಹೋಗುತ್ತವೆ.

ಕುದುರೆಮುಖದ ಕಡೆ ಚಾರಣದಲ್ಲಿ ಅಪರೂಪದ ಆರ್ಕಿಡ್ ಚಿತ್ರ ತೆಗೆದಿದ್ದೇನೆ. ಜಾಲತಾಣದಲ್ಲಿ ಹಾಕಬಹುದೇ?
— ಮಂಗಳೂರಿನ ಓದುಗರು

ಚಿತ್ರ ಹಾಕಿ, ಜಾಗ ಹಾಕಬೇಡಿ. ಮೊಬೈಲ್ ಚಿತ್ರದೊಳಗೇ ಸ್ಥಳದ ಗುರುತು ಅಡಗಿರುತ್ತದೆ, ಅದನ್ನು ತೆಗೆದು ಹಾಕಿ. ಜಿಲ್ಲೆಯ ಹೆಸರು ಸಾಕು. ಹಿನ್ನೆಲೆಯಲ್ಲಿ ಗುರುತು ಸಿಗುವ ಬಂಡೆಯೋ ಜಲಪಾತವೋ ಇದ್ದರೆ ಚಿತ್ರವನ್ನು ಕತ್ತರಿಸಿ. ಗಿಡದ ನಿಖರ ಜಾಗವನ್ನು ಸಸ್ಯಶಾಸ್ತ್ರಜ್ಞರಿಗೆ ಖಾಸಗಿಯಾಗಿ ತಿಳಿಸಿ. ನನಗೆ ಕಳಿಸಿದ ಚಿತ್ರದಲ್ಲಿ ಹೂವಿನ ಮುಂಭಾಗ ಮಾತ್ರ ಇದೆ. ಪಕ್ಕದಿಂದ ತೆಗೆದದ್ದು, ಎಲೆಯ ಬುಡದ್ದು ಇದ್ದರೆ ಕಳಿಸಿ, ಹೆಸರು ಹೇಳಲು ಪ್ರಯತ್ನಿಸುತ್ತೇನೆ.